ಅಟ್ಟದಿಂದ ಕಾಣೆಯಾದ ಎರಡು ಸುರುಳಿ

ಅಟ್ಟದ ಕೋಣೆಯಲ್ಲಿ ಬಿಸಿಲ ಕಾವು ತಡೆಯುವ ಗಾಜಿನ ಉಣ್ಣೆಯ ಎರಡು ಸುರುಳಿ ಕಾಣೆಯಾಗಿತ್ತು.

ನಿನ್ನೆ ಸಂಜೆ ಎಣಿಸಿಟ್ಟವನು ಚಿಕ್ಕಪ್ಪ. ನಾಳೆ ಅಕ್ಕ ಹಸುಗೂಸಿನೊಂದಿಗೆ ಬರುವವಳು. ಇಳಿಜಾರು ಮಾಡಿನ ಒಳಗೆ ಉಣ್ಣೆ ತುಂಬಿ ಹಲಗೆ ಹೊಡೆಯದಿದ್ದರೆ ಆ ಕೋಣೆ ಕಾದ ಕಾವಲಿಯೇ ಸರಿ.

"ಸುರುಳಿಗೆ ಕಾಲು ಬಂತಾ, ಮೇಸ್ತ್ರಿ?" ಚಿಕ್ಕಪ್ಪ ಕೇಳಿದ.

ಬಡಗಿಯ ಮುಖ ಕೆಂಪಾಯಿತು. "ಇಪ್ಪತ್ತು ವರ್ಷದಲ್ಲಿ ಇನ್ನೊಬ್ಬರ ಒಂದು ಮೊಳೆ ಮುಟ್ಟಿಲ್ಲ. ಇಂಥ ಮಾತು ಕೇಳ್ಕೊಂಡು ನಾನಿಲ್ಲಿ ಇರಲ್ಲ." ಗರಗಸವನ್ನು ಚೀಲಕ್ಕೆ ತುರುಕಿದ. ಮೂಲೆಯಲ್ಲಿ ಕೂತಿದ್ದ ತಾತ ಅಂಗಿಯ ತೋಳು ಕೆಳಗೆಳೆದುಕೊಂಡರು.

ಅವನು ಹೋದರೆ ಕೋಣೆ ಮುಗಿದಂತೆಯೇ! ಬಾಗಿಲ ಮರೆಯಲ್ಲಿದ್ದ ತಂಗಿ ಮುಂದೆ ಬಂದಳು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ; ಮನೆಯವರು ಕರೆಯುತ್ತಿದ್ದುದೇ ‘ಮೌನಿ’ ಎಂದು.

"ಮೇಸ್ತ್ರಿ ಅಣ್ಣ, ಉಣ್ಣೆಗೂ ಹೆಂಚಿಗೂ ನಡುವೆ ಜಾಗ ಬಿಡ್ತೀರಲ್ಲ — ಯಾಕೆ?"

"ಗಾಳಿಯಾಡೋಕಮ್ಮ. ಹೊರಗೆ ಸೂರಿನಂಚಲ್ಲಿ ಸೀಳು ಬಿಟ್ಟಿದೀನಿ. ಇಲ್ದಿದ್ರೆ ಪಸೆ ನಿಂತು ಮರ ಕೊಳೆಯುತ್ತೆ."

ಅವಳು ಪಕ್ಕದ ತಾರಸಿಗೆ ಹೋಗಿ, ಜಂತೆಗಳ ನಡುವಿನ ಒಂದೊಂದು ಸೀಳಿಗೂ ತೆಳ್ಳನೆಯ ಕಾಗದದ ಪಟ್ಟಿ ಹಿಡಿದಳು. ಮೊದಲನೆಯದರಲ್ಲಿ ಪಟಪಟ. ಎರಡು, ಮೂರು, ನಾಲ್ಕು — ಪಟಪಟ. ಐದನೆಯದರಲ್ಲಿ ಕಾಗದ ಅಲುಗಲಿಲ್ಲ. ಒಳಗೆ ಬಂದು ಅದೇ ಸಂದನ್ನು ತೋರಿಸಿದಳು.

"ಈ ಸಂದಿನ ಹಲಗೆ ಬಿಚ್ಚಿ, ಅಣ್ಣ."

ಬಿಚ್ಚಿದೊಡನೆ ಉಣ್ಣೆ ದಬದಬನೆ ಕೆಳಗೆ ಬಿತ್ತು. ಒಂದಲ್ಲ, ಮೂರು ಸುರುಳಿ! ಬಡಗಿ ತಲೆಗೆ ಕೈ ಹಚ್ಚಿದ. "ಗಾಳಿ ದಾರೀನೇ ಮುಚ್ಚಿಬಿಟ್ಟಿದಾರೆ. ಯಾವ ಮಹಾನುಭಾವನ ಕೆಲಸ ಇದು?"

"ಎಲ್ರೂ ನೆಲ ಹುಡುಕಿದ್ರಿ, ತಲೆ ಮೇಲೆ ನೋಡ್ಲಿಲ್ಲ," ಎಂದಳು ಮೌನಿ. "ಈ ಉಣ್ಣೆ ತಾಗಿದ್ರೆ ಮೈ ಕಡಿಯುತ್ತೆ. ಮೇಸ್ತ್ರಿ ಅಣ್ಣ ಕೈಗವಸು ಹಾಕ್ತಾರೆ. ಆದ್ರೆ — ಈ ಸೆಕೆಯಲ್ಲಿ ಬನಿಯನ್ನಲ್ಲೇ ಇರೋ ತಾತ ಇವತ್ತು ತುಂಬುತೋಳಿನ ಅಂಗಿ ಯಾಕೆ ಹಾಕಿದ್ದಾರೆ?"

ತಾತ ಪೆಚ್ಚುನಗೆ ನಕ್ಕು ತೋಳು ಮೇಲೆ ಸರಿಸಿದರು. ಮೊಣಕೈವರೆಗೂ ಕೆಂಪು ಗಂದೆ.

"ಈ ಸಂದಿನ ಅಡೀಲೇ ತೊಟ್ಟಿಲು ಇಡೋದಲ್ವೇ? ಮರಿಗೆ ಬಿಸಿ ತಟ್ಟಬಾರ್ದು ಅಂತ ಬೆಳಿಗ್ಗೆ ಮೇಸ್ತ್ರಿ ಬರೋ ಮುಂಚೆ ಹಲಗೆ ಬಿಚ್ಚಿ ಇನ್ನೆರಡು ಸೇರಿಸಿ, ಮತ್ತೆ ಹೊಡೆದುಬಿಟ್ಟೆ."

ಚಿಕ್ಕಪ್ಪ ಚೀಲದಿಂದ ಗರಗಸ ತೆಗೆದು ಬಡಗಿಯ ಕೈಗಿತ್ತ. "ತಪ್ಪಾಯ್ತು, ಮೇಸ್ತ್ರಿ. ಮನಸ್ಸಿಗೆ ಹಚ್ಕೋಬೇಡಿ."

"ಸಂಜೆಯೊಳಗೆ ಮುಗಿಸ್ತೀನಿ," ಬಡಗಿ ನಕ್ಕ. "ತಾತನ್ನ ಮಾತ್ರ ಕೆಳಗೆ ಕೂರಿಸಿ."

"ಅಲ್ಲಪ್ಪ, ಇಷ್ಟು ಹೊತ್ತು ಸುಮ್ನೆ ಇದ್ರಲ್ಲ?" ಚಿಕ್ಕಪ್ಪ ತಾತನತ್ತ ತಿರುಗಿದ.

"ಮಂಡಿ ಆಪರೇಷನ್ ಆದ್ಮೇಲೆ ಏಣಿ ಮುಟ್ಟಬೇಡಿ ಅಂದಿದಾಳೆ ನಿಮ್ಮಮ್ಮ," ತಾತ ಪಿಸುಗುಟ್ಟಿದರು. "ಹತ್ತಿದ್ದು ಗೊತ್ತಾದ್ರೆ ನನ್ನ ಕಥೆ ಮುಗೀತು."

"ಗೊತ್ತಾಯ್ತು," ಎಂದಿತು ಮೆಟ್ಟಿಲ ಬಳಿಯಿಂದ ಅಜ್ಜಿಯ ದನಿ.