ಹಾಳುಗುಡಿಯ ಸಕ್ಕರೆ ಡಬ್ಬಿ

ಭಾನುವಾರ ಬೆಳಿಗ್ಗೆ ಐತ ತನ್ನ ತಗಡಿನ ಟ್ರಂಕು ಹೊತ್ತುಕೊಂಡು ಇಂದ್ರಾಬಾಯಿಯವರ ಬಾಗಿಲಿಗೆ ಬಂದಾಗ ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಟ್ರಂಕಿನ ಬೀಗ ಒಡೆದಿತ್ತು. ಒಳಗಿದ್ದ ಬಟ್ಟೆಯನ್ನೆಲ್ಲ ಚಾಳಿನ ಜನ ಗ್ಯಾಲರಿಯಲ್ಲಿ ಕೊಡವಿ ನೋಡಿ, ಏನೂ ಸಿಗದೆ ಮತ್ತೆ ತುರುಕಿದ್ದರು. ಒಂದು ಅಂಗಿಯ ತೋಳು ಮುಚ್ಚಳದ ಹೊರಗೆ ನೇತಾಡುತ್ತಿತ್ತು.

ಐತ ಉಡುಪಿ ಕಡೆಯವನು. ನಾನು ಘಾಟ್ಕೋಪರಿನ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದ ಕಾಲದಿಂದಲೂ ಅಲ್ಲಿ ಚಹಾ ಮಾಡುವವನು. ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನಲ್ಲಿ ಅವನಿಗೆ ಖೋಲಿ ಕೊಡಿಸಿದವನು ನಾನೇ. ಚಾಳಿನ ತುಂಬ ವಿಜಯಪುರ, ಕಲಬುರಗಿ ಕಡೆಯ ಜನ. ಕರಾವಳಿಯವರು ನಾವಿಬ್ಬರೇ.

"ಮುಂದಿನ ಭಾನುವಾರದೊಳಗೆ ಖೋಲಿ ಬಿಡಬೇಕಂತೆ ಕಾಂತಪ್ಪಣ್ಣ," ಎಂದ ಅವನು. "ನಾನು ಮುಟ್ಟಿದ್ದು ಸಕ್ಕರೆ ಮಾತ್ರ ಮಾರಾಯ್ರೆ. ಆ ಡಬ್ಬಿ ನನ್ನ ಕೈಗೆ ತಾಗಲೇ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಇವರು. ಇಂದ್ರಾಬಾಯಿ ಮಾತ್ರ ಅವನಿಗೊಂದು ಲೋಟ ಚಹಾ ಕೊಟ್ಟು, ಟ್ರಂಕನ್ನು ತಮ್ಮ ಮಂಚದ ಕೆಳಗೆ ತಳ್ಳಿ, ಕುಳಿತು ಹೇಳು ಎಂದರು.

ಇಂದ್ರಾಬಾಯಿ ಸೆಂಟ್ರಲ್ ಲೈನಿನ ಲೋಕಲ್‌ಗಳಲ್ಲಿ ಟಿಕೆಟ್ ಚೆಕರ್ ಆಗಿ ಜೀವನ ಸವೆಸಿದವರು. ಟಿಕೆಟ್ ಇಲ್ಲದವಳು ಮುಖ ಎಷ್ಟು ಸಾವರಿಸಿಕೊಂಡರೂ ಅವಳ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ನಾನು ಕೈ ನೋಡುತ್ತಿದ್ದೆ ಎನ್ನುತ್ತಿದ್ದರು. ಚಾಳಿನಲ್ಲಿ ಏನು ಕಳೆದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಈ ಸಲ ಯಾರೂ ತಟ್ಟಿರಲಿಲ್ಲ, ಏಕೆಂದರೆ ಕಳ್ಳ ಆಗಲೇ ಸಿಕ್ಕಿದ್ದಾನೆಂದು ಎಲ್ಲರೂ ನಂಬಿದ್ದರು.

ಕಳವು ನಡೆದದ್ದು ಹಿಂದಿನ ದಿನ, ಇಂದ್ರಾಬಾಯಿ ಒಬ್ಬರನ್ನು ಬಿಟ್ಟು ನಾವೆಲ್ಲ ಹೋಗಿದ್ದ ಟ್ರಿಪ್ಪಿನಲ್ಲಿ. ಬದಲಾಪುರದಾಚೆ ಗುಡ್ಡದ ಬುಡದಲ್ಲಿ ಒಂದು ಪ್ರಾಚೀನ ಶಿವಾಲಯ ಹಾಳುಬಿದ್ದಿದೆ. ಚಾಳಿನ ಕಮಿಟಿ ಅಧ್ಯಕ್ಷ ಕಾಶಿನಾಥ ಅದನ್ನು ಕಂಡುಹಿಡಿದದ್ದು ಭಕ್ತಿಯಿಂದಲ್ಲ, ಅಲ್ಲಿ ಒಳಹೋಗಲು ಟಿಕೆಟ್ ಇಲ್ಲವೆಂಬ ಕಾರಣಕ್ಕೆ. ಲೋಕಲ್‌ನಲ್ಲಿ ಬದಲಾಪುರ, ಅಲ್ಲಿಂದ ಟೆಂಪೊ, ಊಟ ಅವರವರ ಮನೆಯ ಬುತ್ತಿ. ಚಹಾಕ್ಕೂ ದುಡ್ಡು ಬಿಚ್ಚಬಾರದೆಂದು ಐತನನ್ನು ಸ್ಟೋವ್ ಸಮೇತ ಪುಕ್ಕಟೆಯಾಗಿ ಕರೆದುಕೊಂಡಿದ್ದ. ಟೆಂಪೊದಲ್ಲಿ ಅವನಿಗೆ ಸೀಟೂ ಇರಲಿಲ್ಲ; ಸ್ಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗೆ ಕುಳಿತಿದ್ದ.

ಬದಲಾಪುರ ಸ್ಟೇಷನ್ನಿನಲ್ಲಿ ನೀಲಾಬಾಯಿ ಕತ್ತಿನ ಬೋರಮಾಳ ಬಿಚ್ಚಿದ್ದಳು. ಗುಂಡು ಗುಂಡು ಬಂಗಾರದ ಆ ಹಳೆಯ ಸರ ಅವಳ ತೀರಿಹೋದ ಅತ್ತೆಯದು. ಸರ ಎಳೆದು ಓಡುವವರ ಭಯಕ್ಕೆ ಅದನ್ನು ಸಣ್ಣ ಸ್ಟೀಲಿನ ಡಬ್ಬಿಗೆ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಲದಲ್ಲಿಟ್ಟಳು. ನಾವೆಲ್ಲ ಅದನ್ನು ನೋಡಿದ್ದೆವು.

ಗುಡಿಯಲ್ಲಿ ಗರ್ಭಗುಡಿಗೆ ಸೂರಿಲ್ಲ, ನಂದಿಗೆ ತಲೆಯಿಲ್ಲ. ಉಳಿದದ್ದು ಒಂದು ಕಂಬದ ಮಂಟಪ. ಚೀಲಗಳನ್ನು ಅಲ್ಲಿಟ್ಟು ನಾವು ಕಲ್ಲುಕೆತ್ತನೆ ನೋಡಲು ಹೋದೆವು. ಮಂಟಪದಲ್ಲಿ ಉಳಿದವರು ನಾಲ್ವರು. ಐತ ಸ್ಟೋವ್ ಹಚ್ಚುತ್ತಿದ್ದ. ಕಾಶಿನಾಥ ಕಾವಲಿನ ನೆಪದಲ್ಲಿ ಗೊರಕೆ ಹೊಡೆಯುತ್ತಿದ್ದ. ನೀಲಾಬಾಯಿಯ ಓರಗಿತ್ತಿ, ಅಂದರೆ ಮೈದುನನ ಹೆಂಡತಿ ದಾನೇಶ್ವರಿ, ಕಾಲು ನೋವೆಂದು ಕಂಬಕ್ಕೆ ಒರಗಿದ್ದಳು. ಪವಾಯಿಯ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಚಾಳಿನ ಹುಡುಗಿ ನೇತ್ರಾ ಕಂಬಗಳ ಫೋಟೊ ತೆಗೆಯುತ್ತ ಒಳಗೆ ಹೊರಗೆ ಓಡಾಡುತ್ತಿದ್ದಳು. ನಡುವೆ ಐತ ನೀರು ತರಲು ಬಾವಿಗೆ ಹೋಗಿಬಂದ. ಅವನ ಸಕ್ಕರೆ ಚೀಲ ಬಾಯಿ ತೆರೆದುಕೊಂಡೇ ಇತ್ತು.

ಊಟದ ಹೊತ್ತಿಗೆ ನೀಲಾಬಾಯಿ ಡಬ್ಬಿ ತೆರೆದಳು. ಸರ ಇರಲಿಲ್ಲ. ತಳದಲ್ಲಿ ಒಂದು ಚಮಚದಷ್ಟು ಸಕ್ಕರೆ ಇತ್ತು.

"ನೋಡ್ರಿ, ಬಂಗಾರ ಕದ್ದು ಬಾಯಿಗಿ ಸಕ್ರಿ ಹಾಕ್ಯಾನ ಕಳ್ಳ," ಎಂದ ಕಾಶಿನಾಥ. ಎಲ್ಲರ ಕಣ್ಣೂ ಚಹಾದ ಸ್ಟೋವಿನತ್ತ ಹೊರಳಿದವು. ಅಲ್ಲೇ ಅವನ ಜೇಬು, ಚೀಲ ಎಲ್ಲ ತಡಕಿದರು. ವಾಪಸು ಬರುವಾಗ ಲೋಕಲ್‌ನಲ್ಲಿ ಯಾರೂ ಅವನ ಪಕ್ಕ ಕೂರಲಿಲ್ಲ. ಪೊಲೀಸರಿಗೆ ಹೇಳಿದರೆ ಚಾಳಿನ ಹೆಸರು ಕೆಡುತ್ತದೆ, ಇವನನ್ನೇ ಹೊರಗೆ ಹಾಕೋಣ ಎಂದು ಕಾಶಿನಾಥ ತೀರ್ಪು ಕೊಟ್ಟ.

ಕತೆ ಕೇಳಿ ಮುಗಿದ ಮೇಲೆ ಇಂದ್ರಾಬಾಯಿ ಪಕ್ಕದ ಖೋಲಿಗೆ ಹೋಗಿ ನೀಲಾಬಾಯಿಯ ಚೀಲ ನೋಡಿದರು. ಪರ್ಸು, ಮೊಬೈಲು ಎರಡೂ ಅದೇ ಚೀಲದಲ್ಲಿದ್ದವು, ಯಾರೂ ಮುಟ್ಟಿರಲಿಲ್ಲ. ಡಬ್ಬಿ ಹೇಗಿತ್ತು ಎಂದು ಕೇಳಿದ್ದಕ್ಕೆ, ನಾನು ಕಟ್ಟಿದಂತೆಯೇ ಬಟ್ಟೆಯ ಗಂಟು ಇತ್ತು ಎಂದಳು. ನಾವು ಹೊರಡುವಾಗ ಅವಳು ನನ್ನತ್ತ ತಿರುಗಿ, "ನಿಮ್ಮ ಚಹಾದವನಿಗೆ ನಮ್ಮತ್ತಿ ಸರಾನ ಬೇಕಾಗಿತ್ತೇನ್ರಿ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ನಾನೂ ಏನೋ ಅನ್ನಲು ಹೋದೆ. ಇಂದ್ರಾಬಾಯಿ ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು.

ಮರುದಿನ ಅವರು ಶೇಂಗಾದ ಉಂಡೆ ಕಟ್ಟಿ ನಾಲ್ಕು ಡಬ್ಬಿಗಳಿಗೆ ತುಂಬಿ, ಮಂಟಪದಲ್ಲಿದ್ದ ನಾಲ್ವರಿಗೂ ಕೊಟ್ಟುಬನ್ನಿ ಎಂದರು. ಕಳ್ಳರಿಗೂ ಉಂಡೆ ಹಂಚುವ ಪತ್ತೇದಾರಿಕೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಗೊಣಗುತ್ತಲೇ ಹಂಚಿಬಂದೆ. ಕಾಶಿನಾಥ, ಆ ಕಳ್ಳನ ಪರವಾಗಿ ಲಂಚವೋ ಎಂದು ಕೇಳಿದ. ಉಂಡೆಯನ್ನು ಮಾತ್ರ ಬಿಡಲಿಲ್ಲ.

ಡಬ್ಬಿಗಳು ಒಂದೊಂದಾಗಿ ಬಂದವು. ಐತ ತನ್ನದನ್ನು ಫಳಫಳ ಹೊಳೆಯುವಂತೆ ತಿಕ್ಕಿ, ಒರೆಸಿ, ಖಾಲಿ ತಂದಿಟ್ಟ. ನೇತ್ರಾಳ ಡಬ್ಬಿಯಲ್ಲಿ ಉಂಡೆಯ ಪುಡಿ ಹಾಗೇ ಅಂಟಿತ್ತು. "ಸಾರಿ ಆಂಟಿ, ಧೋನೇ ಕಾ ಟೈಮ್ ಇರಲಿಲ್ಲ," ಎಂದು ಕೊಟ್ಟು ಸ್ಟೇಷನ್ನಿಗೆ ಓಡಿದಳು. ಕಾಶಿನಾಥನ ಡಬ್ಬಿ ಬರಲೇ ಇಲ್ಲ, ನಾನೇ ಹೋಗಿ ಕೇಳಿ ತಂದೆ. ದಾನೇಶ್ವರಿಯ ಡಬ್ಬಿ ತೊಳೆದೇ ಬಂತು. ಒಳಗೆ ಒಂದು ಚಮಚ ಸಕ್ಕರೆ ಇತ್ತು. ನಾನು ಹೋಟೆಲಿನಲ್ಲಿ ಮುದುಕನಾದವನು. ಪಾತ್ರೆ ತೊಳೆದಿದೆಯೇ ಇಲ್ಲವೇ ಎಂಬುದಷ್ಟೇ ನನ್ನ ಕಣ್ಣಿಗೆ ಬೀಳುವುದು. ಸಕ್ಕರೆಯನ್ನು ಸುರಿಯಲು ಹೊರಟಿದ್ದೆ, ಇಂದ್ರಾಬಾಯಿ ಡಬ್ಬಿ ಕಸಿದುಕೊಂಡರು.

ಶನಿವಾರ ಸಂಜೆ ಚಾಳಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಐತನನ್ನು ಓಡಿಸುವ ಸಭೆಯೆಂದೇ ಬಂದಿದ್ದರು. ಅವನು ನೀರಿನ ಟಾಕಿಯ ಪಕ್ಕ ಒಬ್ಬನೇ ನಿಂತಿದ್ದ. ಇಂದ್ರಾಬಾಯಿ ಸ್ಟೂಲಿನ ಮೇಲೆ ನಾಲ್ಕು ಡಬ್ಬಿ ಸಾಲಾಗಿ ಇಟ್ಟು, ನೀಲಾಬಾಯಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದರು.

"ಹೊರಗಿನ ಕಳ್ಳ ಆಗಿದ್ರ ಚೀಲಾನ ಎತ್ಕೊಂಡು ಹೋಗ್ತಿದ್ದ," ಎಂದು ಶುರು ಮಾಡಿದರು. "ಪರ್ಸು ಬಿಟ್ಟಾರ, ಮೊಬೈಲ್ ಬಿಟ್ಟಾರ. ಅಂದ್ರ ರೊಕ್ಕದ ಆಸೆ ಅಲ್ಲ, ಆ ಸರಾನ ಬೇಕಾಗಿತ್ತು. ಅದು ಐತಗ ಯಾಕ ಬೇಕು?"

ಸಕ್ಕರೆ ಅವನದೇ ಅಲ್ಲವೇ ಎಂದು ಕಾಶಿನಾಥ ಅಡ್ಡ ಬಾಯಿ ಹಾಕಿದ.

"ಸಕ್ರಿ ಅವಂದಽ. ಕೈ ಅವಂದಲ್ಲ. ತನ್ನ ಗುರ್ತು ತಾನಽ ಹಾಕಿ ಹೋಗೂ ಕಳ್ಳನ್ನ ನಾ ರೈಲಿನ್ಯಾಗ ಎಲ್ಲೂ ನೋಡಿಲ್ಲ."

ಆಮೇಲೆ ಅವರು ಹೆಂಗಸರತ್ತ ತಿರುಗಿ ಕೇಳಿದರು: ನೆರೆಮನೆಯಿಂದ ಡಬ್ಬಿಯಲ್ಲಿ ಏನಾದರೂ ಬಂದರೆ ಅದನ್ನು ಹೇಗೆ ವಾಪಸು ಕೊಡುತ್ತೀರಿ? ಮುದುಕಿಯೊಬ್ಬಳು, ಖಾಲಿ ಕೊಡಬಾರದು, ಒಂದು ಚೂರು ಬೆಲ್ಲವೋ ಸಕ್ಕರೆಯೋ ಹಾಕಿ ಕೊಡಬೇಕು, ಇಲ್ಲದಿದ್ದರೆ ಆ ಮನೆ ಬರಿದಾಗುತ್ತದೆ ಎಂದಳು. ಐತ ತಲೆಯೆತ್ತಿ ಅವಳನ್ನೇ ನೋಡಿದ. ಸಣ್ಣವನಿದ್ದಾಗಲೇ ಹೋಟೆಲು ಸೇರಿದವನು, ಈ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

ಇಂದ್ರಾಬಾಯಿ ಒಂದೊಂದೇ ಮುಚ್ಚಳ ತೆರೆದು ತೋರಿಸಿದರು. ಐತನದು ತೊಳೆದದ್ದು, ಖಾಲಿ. ನೇತ್ರಾಳದು ತೊಳೆಯದ್ದು. ಕಾಶಿನಾಥನದು ಕೇಳಿ ತಂದದ್ದು, ಖಾಲಿ. ನಾಲ್ಕನೆಯದನ್ನು ತೆರೆದು ನೀಲಾಬಾಯಿಯ ಡಬ್ಬಿಯ ಪಕ್ಕ ಇಟ್ಟರು.

"ಮಂಟಪದಾಗ ಇದ್ದ ನಾಕ್ ಮಂದ್ಯಾಗ ಈ ಪದ್ಧತಿ ಇದ್ದ ಕೈ ಒಂದಽ. ಸರ ತಗೊಂಡ್ಲು, ಮುಚ್ಚಳ ಹಾಕೂ ಮುಂದ ಕೈ ತಡೀತು. ಬಾಜೂಕ ಸಕ್ರಿ ಇತ್ತು," ಎಂದರು ಇಂದ್ರಾಬಾಯಿ. "ದಾನವ್ವ, ನೀನಽ ಹೇಳವಾ."

ದಾನೇಶ್ವರಿ ಅಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೋರಮಾಳವನ್ನು ಸ್ಟೂಲಿನ ಮೇಲೆ ಹಾಕಿದಳು.

"ಅತ್ತಿ ಹಾಸಿಗಿ ಹಿಡದಾಗ ಹೇಲು ಉಚ್ಚಿ ಬಳದಾಕಿ ನಾ. ಸರ ಮಾತ್ರ ಹಿರೇ ಸೊಸಿ ಕೊರಳಿಗಿ," ಎಂದಳು. ಎಲ್ಲರನ್ನೂ ಒಂದು ಸುತ್ತು ನೋಡಿ, ಕೊನೆಗೆ ನೀಲಾಬಾಯಿಗೆ ಹೇಳಿದಳು: "ಖಾಲಿ ಡಬ್ಬಿ ಹೆಂಗ ಇಡ್ಲಿ? ಎಷ್ಟಂದ್ರೂ ನಮ್ಮ ಮನೀದು."

ಅವಳ ಸಂಕಟ ನನಗೆ ಅರ್ಥವಾಗದೆ ಇಲ್ಲ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಓರಗಿತ್ತಿಯ ಮನೆ ಬರಿದಾಗಬಾರದೆಂದು ಸಕ್ಕರೆ ಹಾಕಿದವಳು, ಐತನ ಖೋಲಿ ಬರಿದಾಗುವುದನ್ನು ವಾರವಿಡೀ ನೋಡುತ್ತ ಬಾಯಿ ಮುಚ್ಚಿಕೊಂಡಿದ್ದಳು. ಇಂದ್ರಾಬಾಯಿ ಅದನ್ನೇ ಎಲ್ಲರೆದುರು ಅವಳಿಗೆ ಹೇಳಿದರು. ಬೀಗ ಒಡೆದವರ ಕೈಯನ್ನೂ ನಾನು ನೋಡಿದ್ದೇನೆ ಎಂದು ಕಾಶಿನಾಥನಿಗೂ ಹೇಳಿದರು. ಅವನು, ಆದದ್ದು ಆಯಿತು, ಐತ ಖೋಲಿಯಲ್ಲೇ ಇರಲಿ ಎಂದು ಅಪ್ಪಣೆ ಕೊಟ್ಟು ಎದ್ದುಹೋದ.

ಮರುದಿನ ನೀಲಾಬಾಯಿ ಹೋಳಿಗೆ ಮಾಡಿ, ಅದೇ ಸ್ಟೀಲಿನ ಡಬ್ಬಿಗೆ ಮಡಿಚಿ ತುಂಬಿ, ಐತನ ಖೋಲಿಗೆ ತಾನೇ ಕೊಟ್ಟುಬಂದಳು. ಬಾಯಿಬಿಟ್ಟು ತಪ್ಪಾಯಿತು ಎನ್ನಲು ಅವಳಿಗೆ ಆಗಲಿಲ್ಲವಂತೆ.

ಐತ ಮಲಾಡಿನ ಒಂದು ಹೋಟೆಲಿನಲ್ಲಿ ಕೆಲಸ ಹಿಡಿದ. ಬಿಡು ಎಂದಿದ್ದರೆ ಖೋಲಿ ಬಿಡುತ್ತಿರಲಿಲ್ಲ, ಇರಲಿ ಎಂದು ಅಪ್ಪಣೆ ಕೊಟ್ಟ ಮೇಲೆ ಇರಲಾರೆ ಎಂದ. ಅವನ ಟ್ರಂಕಿಗೆ ಹಗ್ಗ ಬಿಗಿದು ಘಾಟ್ಕೋಪರ್ ಸ್ಟೇಷನ್ನಿನವರೆಗೆ ನಾನೂ ಹೋದೆ. ಮೆಟ್ಟಿಲ ಹತ್ತಿರ ಅವನು ಚೀಲದಿಂದ ಆ ಡಬ್ಬಿ ತೆಗೆದು ನನ್ನ ಕೈಗಿಟ್ಟ.

"ನೀಲಕ್ಕನಿಗೆ ಕೊಟ್ಟುಬಿಡಿ ಅಣ್ಣ. ಹೋಳಿಗೆ ಒಳ್ಳೆದಿತ್ತು ಅಂತ ಹೇಳಿ."

ಚಾಳಿಗೆ ಮರಳುವ ದಾರಿಯಲ್ಲಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಮುಚ್ಚಳ ತೆರೆದೆ. ಚೆನ್ನಾಗಿ ತಿಕ್ಕಿ ತೊಳೆದು ಒರೆಸಿದ್ದ. ಒಳಗೆ ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಈ ಸಲ ಅವನಿಗೆ ಆ ಪದ್ಧತಿ ಗೊತ್ತಿತ್ತು.