ಕೊಳವೆಯಲ್ಲಿ ಹಸಿರು ನೂಲು

ಭದ್ರಾವತಿ ನ್ಯೂ ಟೌನಿನವನು ನಾನು, ಬಟ್ಟೆ ಒಣಗಿಸುವ ಮೆಷಿನ್ ರಿಪೇರಿ ಮಾಡುತ್ತೇನೆ. ಇಲ್ಲದ್ದನ್ನು ಹುಟ್ಟಿಸಿ ಹೇಳುವ ಚಟ ನನಗಿಲ್ಲ. ಶಿವಮೊಗ್ಗದ ಗೋಪಾಳದಲ್ಲಿ ಬಸವರಾಜೇಶ್ವರಿ ಅಮ್ಮನವರ ಡ್ರೈಯರಿನ ಬಿಸಿಗಾಳಿ ಹೊರಹೋಗುವ ಕೊಳವೆ ಬಿಚ್ಚಿದಾಗಲೆಲ್ಲ ಬರುತ್ತಿದ್ದದ್ದು ಹಸಿರು ನೂಲಿನ ಧೂಳು. ಮೆಷಿನ್ ಬಿಸಿಯಿದ್ದರೂ ಅದು ಮಾತ್ರ ತಣ್ಣಗಿರುತ್ತಿತ್ತು, ಹಸಿಮಣ್ಣಿನ ವಾಸನೆ ಬೇರೆ.

“ಮನೇಲಿ ಹಸಿರು ಬಟ್ಟೆನೇ ಇಲ್ಲಪ್ಪ. ಮಗಳನ್ನ ಮಣ್ಣು ಮಾಡೋವಾಗ ಉಡಿಸಿದ್ದೊಂದೇ ಹಸಿರು ಸೀರೆ. ಈ ಮೆಷಿನ್ ತಗೊಂಡಿದ್ದು ಆಮೇಲೆ,” ಎಂದರು ಅಮ್ಮ.

ತಿಂಗಳು ಕಳೆದಂತೆ ಧೂಳು ಕಡಿಮೆಯಾಯಿತು.

“ಸೀರೆ ಸವೆದುಹೋಗಿದೆ ಅವಳಿಗೆ,” ಎಂದು ಅಮ್ಮ ಗಾಂಧಿ ಬಜಾರಿನಿಂದ ಕೆಂಪು ಸೀರೆ ತಂದು, ನನ್ನೆದುರೇ ಮೆಷಿನ್ನಿಗೆ ಹಾಕಿ ಓಡಿಸಿದರು. ನಾನು ಅಲ್ಲಿಂದ ಕದಲಲಿಲ್ಲ. ಮೆಷಿನ್ ನಿಂತಾಗ ಬಾಗಿಲು ತೆಗೆದವನೂ ನಾನೇ. ಒಳಗೆ ಏನೂ ಇರಲಿಲ್ಲ.

“ಸದ್ಯ, ಅವಳಿಗೆ ಮುಟ್ತು,” ಎಂದವರೇ ಅಮ್ಮ ನನಗೆ ಕಾಫಿ ಮಾಡಲು ಹೋದರು.