ಬಾಟ್ಲಿ ಸಾಹೇಬರ ಬಾಯಾರಿಕೆ

"ಇಳೀರಿ ಕೆಳಗೆ."

ಅವಳ ದನಿ ಆ ಉದ್ದನೆಯ ಓಣಿಯ ಗೋಡೆಗಳಿಗೆ ಬಡಿದು ಅವಳಿಗೇ ವಾಪಸು ಬಂತು. ಏಣಿಯ ತುದಿಯಲ್ಲಿದ್ದವನು ತಿರುಗಲಿಲ್ಲ. ಚಾವಣಿಯಿಂದ ಇಳಿಬಿದ್ದ ಕಬ್ಬಿಣದ ಕಾಲೊಂದಕ್ಕೆ, ಬೆಸುಗೆ ಹಾಕಿದ ಜಾಗದಲ್ಲೇ, ಕೆಂಪು ಬಣ್ಣದಲ್ಲಿ ಗುರುತು ಎಳೆಯುತ್ತಿದ್ದ. ಕತ್ತರಿಸಿ ತೆಗೆಯಬೇಕು ಅನ್ನುವ ಗುರುತು.

ಆ ಬೆಸುಗೆ ಅವಳ ಅಪ್ಪನದು.

"ನಿಮಗೇ ಹೇಳ್ತಿರೋದು. ಯಾರನ್ನ ಕೇಳಿ ಗುರುತು ಹಾಕ್ತಿದ್ದೀರಿ?"

ಅವನು ಈಗ ತಿರುಗಿದ. ಹೆಲ್ಮೆಟ್ಟಿನ ಕೆಳಗೆ ಬೆವರಿದ ಮುಖ, ಸೊಂಟದಲ್ಲಿ ನೆಗ್ಗಿದ ಸ್ಟೀಲ್ ಬಾಟ್ಲಿ. ಕಣ್ಣಲ್ಲಿ ಮಾತ್ರ ಒಂದು ಸ್ನೇಹದ ನಗು.

"ನೀವು ಯಾರು?"

"ಈ ಸಪೋರ್ಟುಗಳ ಲೆಕ್ಕ ಹಾಕಿದ ಇಂಜಿನಿಯರ್."

ಅಷ್ಟು ಕೇಳಿದ್ದೇ ತಡ, ನಗು ದೀಪ ಆರಿಸಿದಂತೆ ಆರಿತು.

"ಹಾಗಾದ್ರೆ ದಯವಿಟ್ಟು ನನ್ನ ಜೊತೆ ಮಾತಾಡಬೇಡಿ," ಅಂದವನೇ ಮತ್ತೆ ಗೋಡೆಯ ಕಡೆ ಮುಖ ಮಾಡಿಬಿಟ್ಟ.

ಎಂಥಾ ಸೊಕ್ಕು! ಅವಳು ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು. ಇವನೇನಾ ಎಲ್ಲರೂ ಕಾಯುತ್ತಿದ್ದ ಪರಿಶೀಲಕ…

ಅದೊಂದು ಅಣು ವಿದ್ಯುತ್ ಸ್ಥಾವರ. ಇನ್ನೂ ಚಾಲೂ ಆಗಿರಲಿಲ್ಲ. ಓಣಿಗಳ ಚಾವಣಿಯುದ್ದಕ್ಕೂ ಕೇಬಲ್ ಟ್ರೇಗಳು, ಕಬ್ಬಿಣದ ಏಣಿಗಳನ್ನು ಅಡ್ಡ ಮಲಗಿಸಿ ತೂಗುಹಾಕಿದ ಹಾಗೆ. ಅವುಗಳ ಮೇಲೆ ಮಲಗಿದ ಕೇಬಲ್ಲುಗಳೇ ಸ್ಥಾವರದ ಒಡಲನ್ನು ತಣ್ಣಗಿಡುವ ಪಂಪುಗಳಿಗೆ ಜೀವ. ಭೂಮಿ ನಡುಗಿದ ದಿನ ಏನು ಬಿದ್ದರೂ ಟ್ರೇ ಬೀಳಬಾರದು. ಬೀಳದಂತೆ ಹಿಡಿದು ನಿಲ್ಲಬೇಕಾದವು ಈ ಕಬ್ಬಿಣದ ಕಾಲುಗಳು, ಸಪೋರ್ಟುಗಳು. ಎಷ್ಟು ದಪ್ಪ, ಎಷ್ಟು ದೂರಕ್ಕೊಂದು, ಎಷ್ಟು ಭಾರ ಹೊರಬಹುದು ಎಂದು ಲೆಕ್ಕ ಹಾಕಿದವಳು ಅವಳು. ಬೆಸುಗೆ ಹಾಕಿದವನು ಅವಳಪ್ಪ, ಗುತ್ತಿಗೆ ವೆಲ್ಡರುಗಳ ಮೇಸ್ತ್ರಿ.

ಒಂದು ಬೆಳಗ್ಗೆ ನೋಡಿದರೆ, ಆ ಓಣಿಯ ಸಪೋರ್ಟುಗಳ ಒಂದು ಸಾಲು ಬಾಗಿತ್ತು. ಟ್ರೇ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿತ್ತು.

ಯೋಜನೆಯ ಮುಖ್ಯಸ್ಥರು ಓಣಿಯೊಳಗೆ ಕಾಲಿಡುವ ಮೊದಲೇ ತೀರ್ಪು ಕೊಟ್ಟಿದ್ದರು: ವೆಲ್ಡಿಂಗ್ ಕಳಪೆ. ಮೇಲಿನವರ ತಪ್ಪು ಹುಡುಕಲು ಸಮಿತಿ ಬೇಕು, ಸಭೆ ಬೇಕು, ಸಾಕ್ಷಿ ಬೇಕು. ಗುತ್ತಿಗೆಯವನ ತಪ್ಪಿಗೆ ಅವನು ಗುತ್ತಿಗೆಯವನಾಗಿದ್ದರೆ ಸಾಕು. ಅಂದೇ ಅಪ್ಪನ ಮತ್ತು ಅವನ ಜೊತೆಗಾರರ ಗೇಟ್ ಪಾಸ್ ಕಿತ್ತುಕೊಂಡರು. ಕಳಪೆ ಬೆಸುಗೆ ಎಂದು ಒಮ್ಮೆ ಅಧಿಕೃತವಾಗಿ ದಾಖಲಾದರೆ ಮುಗಿಯಿತು, ಯಾವ ಕಾರ್ಖಾನೆಯೂ ಅವರನ್ನು ಬಾಗಿಲ ಬಳಿ ನಿಲ್ಲಿಸಿಕೊಳ್ಳುವುದಿಲ್ಲ.

ಸುರಕ್ಷತಾ ಮಂಡಳಿ ಮಾತ್ರ ಪಟ್ಟು ಹಿಡಿಯಿತು. ಸ್ಥಾವರದ ಹಂಗಿಲ್ಲದ ಹೊರಗಿನವರೊಬ್ಬರು ಎಲ್ಲವನ್ನೂ ಮೊದಲಿನಿಂದ ನೋಡಲಿ, ಅಲ್ಲಿಯವರೆಗೆ ಸ್ಥಾವರ ಚಾಲೂ ಆಗಕೂಡದು ಎಂದಿತು.

ಹಾಗೆ ಬಂದವನು ಇವನು. ಬಂದ ವಾರದೊಳಗೇ ಅವನಿಗೊಂದು ಹೆಸರು ಬಿತ್ತು: ಬಾಟ್ಲಿ ಸಾಹೇಬರು. ಸ್ಥಾವರದ ನೀರು ಕುಡಿಯುವುದಿಲ್ಲ. ಕ್ಯಾಂಟೀನಿನಲ್ಲಿ ತನ್ನದೇ ಡಬ್ಬಿ ಬಿಚ್ಚಿ ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ. ಕಂಪನಿ ಕಾರು ಕಳಿಸಿದರೂ ಬಸ್ಸಿನಲ್ಲಿ ಬರುತ್ತಾನೆ. ಗೋಡೆಗೂ ಅವನಿಗೂ ಮದುವೆ ನಿಶ್ಚಯವಾಗಿದೆಯಂತೆ ಎಂದು ಕ್ಯಾಂಟೀನಿನವರು ಆಡಿಕೊಂಡು ನಗುತ್ತಿದ್ದರು.

ಅವಳಿಗೆ ನಗು ಬರುತ್ತಿರಲಿಲ್ಲ. ತನ್ನ ಲೆಕ್ಕದ ಕಡತವನ್ನು ಅವನ ಮೇಜಿನ ಮೇಲೆ ಇಟ್ಟು ಬಂದಿದ್ದಳು. ಬಿಚ್ಚಿಯೂ ನೋಡದೆ ವಾಪಸು ಕಳಿಸಿದ್ದ.

*ವೆಲ್ಡರನ ಮಗಳು ಹಾಕಿದ ಲೆಕ್ಕ ಅಂತ ತಾತ್ಸಾರ ಇರಬೇಕು…*

ಒಂದು ಮಧ್ಯಾಹ್ನ ಓಣಿಯಲ್ಲಿ ಗಾಳಿಯೇ ಇರಲಿಲ್ಲ. ಅವನ ಬಾಟ್ಲಿ ಬರಿದಾಗಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಸಿಟ್ಟು ಎಷ್ಟಿದ್ದರೂ ಅವಳಿಗೆ ನೋಡಲಾಗಲಿಲ್ಲ. ಒಂದು ಲೋಟ ನೀರು ತಂದು, ಮಾತಾಡದೆ, ಏಣಿಯ ಮೆಟ್ಟಿಲ ಮೇಲಿಟ್ಟಳು.

ಅವನು ಲೋಟವನ್ನು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಅದನ್ನು ಮುಟ್ಟದೆ ಅವಳನ್ನು ದಾಟಿ ಹೊರಗೆ ನಡೆದುಬಿಟ್ಟ.

ಅವಳ ಕೆನ್ನೆಗೆ ಯಾರೋ ಹೊಡೆದಂತಾಯಿತು. ಚಿಕ್ಕವಳಿದ್ದಾಗ ಅಪ್ಪನಿಗೆ ಊಟ ಕೊಡಲು ಕೆಲಸದ ಜಾಗಕ್ಕೆ ಹೋಗುತ್ತಿದ್ದಳು. ಅಲ್ಲಿ ಗುತ್ತಿಗೆಯವರಿಗೆ ಬೇರೆ ನಲ್ಲಿ, ಬೇರೆ ಲೋಟ. ಆಫೀಸಿನವರು ಬಾಯಾರಿ ಸತ್ತರೂ ಆ ನಲ್ಲಿಯ ಹತ್ತಿರ ಸುಳಿಯುತ್ತಿರಲಿಲ್ಲ. ಓದಿ ಇಂಜಿನಿಯರ್ ಆದಮೇಲೆ ಆ ನಲ್ಲಿಯನ್ನು ಹಿಂದೆ ಬಿಟ್ಟು ಬಂದೆ ಅಂದುಕೊಂಡಿದ್ದಳು. ಇಲ್ಲ, ಅದು ಅವಳ ಬೆನ್ನ ಹಿಂದೆಯೇ ಬಂದು ನಿಂತಿತ್ತು.

ಮರುದಿನ ಬೆಸುಗೆ ಕತ್ತರಿಸಿದರು. ಗರಗಸದ ಕಿರುಚಾಟ ಅವಳ ಎದೆಯ ಮೇಲೇ ಆಡಿದಂತಿತ್ತು. ಮನೆಗೆ ಹೋಗಿ ಅಪ್ಪನ ಮುಂದೆ ಕೂತು ಅತ್ತಳು. ಅಪ್ಪ ಕೆಲಸವಿಲ್ಲದೆ ತನ್ನ ವೆಲ್ಡಿಂಗ್ ಮುಖವಾಡದ ಕಪ್ಪು ಗಾಜನ್ನು ಒರೆಸುತ್ತಾ ಕೂತಿದ್ದ. ಈ ವಾರದಲ್ಲಿ ಎಷ್ಟನೆಯ ಸಲವೋ.

"ಕತ್ತರಿಸಲಿ ಬಿಡಮ್ಮ," ಅಂದ ಅಪ್ಪ. "ಮೇಲಿಂದ ನೋಡಿ ಬಯ್ದವರು ಬೇಕಾದಷ್ಟು ಜನ ಇದ್ದಾರೆ. ಒಳಗೆ ಏನಿದೆ ಅಂತ ನೋಡೋಕೆ ಬಂದವನು ಇವನೊಬ್ಬನೇ."

"ನಿನಗೆ ಸಿಟ್ಟು ಬರಲ್ವಾ ಅಪ್ಪಾ?"

"ಬರುತ್ತೆ. ಆದರೆ ಸಿಟ್ಟನ್ನ ಸರಿಯಾದ ವಿಳಾಸಕ್ಕೆ ಕಳಿಸಬೇಕು."

ಅಡುಗೆಮನೆಯಿಂದ ಅಮ್ಮ, ಇವಳಪ್ಪನಿಗೆ ಕೆಲಸ ಹೋದಮೇಲೆ ಮಾತು ಜಾಸ್ತಿಯಾಯಿತು ಎಂದು ಗೊಣಗಿದಳು. ಗೊಣಗಿದ್ದು ಅಳು ಮುಚ್ಚಿಕೊಳ್ಳಲು ಎಂದು ಮೂವರಿಗೂ ಗೊತ್ತಿತ್ತು.

ಕೆಲವು ದಿನಗಳ ಮೇಲೆ ಬಾಟ್ಲಿ ಸಾಹೇಬ ತಾನಾಗಿ ಅವಳ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಅವನದೇ ಹಾಳೆಗಳ ಕಟ್ಟು.

"ಈಗ ನಿಮ್ಮ ಲೆಕ್ಕ ನೋಡಬಹುದಾ?"

"ಆವತ್ತು ಮುಟ್ಟಲಿಲ್ಲ. ಈವತ್ತೇನು?"

"ಮೊದಲೇ ನೋಡಿದ್ರೆ ನಿಮ್ಮ ದಾರೀಲೇ ನಡೀತಿದ್ದೆ. ನೀವು ಎಡವಿದ ಕಡೆ ನಾನೂ ಎಡವ್ತಿದ್ದೆ. ನಮ್ಮ ಕೆಲಸದಲ್ಲಿ ಅದಕ್ಕೆ ಅವಕಾಶ ಇಲ್ಲ. ನಾನೇ ಮೊದಲಿಂದ ಹಾಕಿ ಮುಗಿಸಿದ ಮೇಲೇ ನಿಮ್ಮದನ್ನ ಬಿಚ್ಚಬೇಕು."

ಹಾಗಾದರೆ ಅದು ತಾತ್ಸಾರ ಆಗಿರಲಿಲ್ಲ… ಅವಳು ಕಡತವನ್ನು ಮುಂದಕ್ಕೆ ತಳ್ಳಿದಳು. ಅವನು ಅಲ್ಲೇ ನಿಂತು ಪುಟ ಪುಟವಾಗಿ ಓದಿದ. ಅವಳು ಸುಮ್ಮನೆ ಕೂತು ಅವನು ಓದುವುದನ್ನು ನೋಡಿದಳು. ವರ್ಷಗಟ್ಟಲೆ ಅವಳ ಲೆಕ್ಕಗಳಿಗೆ ಸಹಿ ಬಿದ್ದಿತ್ತು. ಹೀಗೆ, ಬೆರಳಿಟ್ಟು, ಒಂದೊಂದು ಸಾಲನ್ನೂ ಓದಿದವರು ಯಾರೂ ಇರಲಿಲ್ಲ.

ಕೊನೆಗೆ ಅವನು ತಲೆಯೆತ್ತಿದ. "ನಿಮ್ಮ ಉತ್ತರ, ನನ್ನ ಉತ್ತರ ಎರಡೂ ಒಂದೇ. ಅದಕ್ಕೇ ನನಗೆ ಭಯ ಆಗ್ತಿದೆ."

"ಯಾಕೆ?"

"ನಮ್ಮಿಬ್ಬರ ಪ್ರಕಾರ ಆ ಸಪೋರ್ಟು ಬಾಗಲೇಬಾರದು. ಬಾಗಿದೆಯಲ್ಲ."

"ಹಾಗಾದ್ರೆ ಬೆಸುಗೆ…"

"ಬೆಸುಗೆ ಬಿಟ್ಟಿಲ್ಲ. ಕತ್ತರಿಸಿ, ಉಜ್ಜಿ, ನೋಡಿದೆ. ಒಳಗೆ ಒಂದು ಕೂದಲೆಳೆಯಷ್ಟು ಬಿರುಕಿಲ್ಲ."

"ಅಷ್ಟೊಂದರಲ್ಲಿ ಅದನ್ನೇ ಯಾಕೆ ಆರಿಸಿದ್ರಿ?"

"ಆ ಮೂಲೆಗೆ ಕೈ ಎಟುಕಲ್ಲ, ಮೇಲಿನವರ ಕಣ್ಣಂತೂ ಎಟುಕೋದೇ ಇಲ್ಲ. ಯಾರೂ ನೋಡದ ಕಡೆ ಮನುಷ್ಯ ಹೇಗೆ ಕೆಲಸ ಮಾಡ್ತಾನೆ ಅಂತ ನೋಡಬೇಕಿತ್ತು."

"ಹೇಗೆ ಮಾಡಿದ್ದ?"

"ಎಲ್ಲರೂ ನೋಡೋ ಕಡೆ ಮಾಡಿದ ಹಾಗೇ."

ಅವಳು ಕಣ್ಣೊರೆಸಿಕೊಂಡಳು. "ಅವರು ನಮ್ಮಪ್ಪ."

ಅವನು ಕಣ್ಣು ಮುಚ್ಚಿ ಉಸಿರುಬಿಟ್ಟ. "ಈಗ ಈ ಸಂಬಂಧವನ್ನೂ ವರದಿಯಲ್ಲಿ ಬರೀಬೇಕು ನಾನು."

"ಬರೀರಿ. ದಪ್ಪ ಅಕ್ಷರದಲ್ಲಿ ಬರೀರಿ."

ಇಬ್ಬರೂ ಮತ್ತೆ ಆ ಓಣಿಗೆ ಹೋದರು. ಲೆಕ್ಕ ಹಾಕುವಾಗ ಮನಸ್ಸಿನಲ್ಲಿ ಏನೇನು ಕಂಡಿತ್ತು, ಒಂದನ್ನೂ ಬಿಡದೆ ಹೇಳಿ ಎಂದು ಅವನು ಕೇಳಿದ. ಅವಳು ಬಾಗಿದ ಟ್ರೇಯ ಕೆಳಗೆ ನಿಂತು ಹೇಳತೊಡಗಿದಳು. ಡ್ರಾಯಿಂಗಿನಲ್ಲಿದ್ದಂತೆ ಕಪ್ಪು ಕೇಬಲ್ಲುಗಳು, ಒಂದರ ಪಕ್ಕ ಒಂದು, ಚಾಪೆಯ ಮೇಲೆ ಮಕ್ಕಳು ಮಲಗಿದ ಹಾಗೆ…

ಮಾತು ಅಲ್ಲಿಗೇ ನಿಂತಿತು. ಅವಳು ಮೇಲೆ ನೋಡಿದಳು. ಅವನೂ ನೋಡಿದ.

ಕೇಬಲ್ ಎಲ್ಲಿ ಕಾಣುತ್ತಿತ್ತು? ಕಾಣುತ್ತಿದ್ದದ್ದು ಬಿಳಿ ಹೊದಿಕೆ. ಬೆಂಕಿ ತಗುಲದಿರಲೆಂದು ಟ್ರೇಯನ್ನು ಸುತ್ತಿ ಕಟ್ಟಿದ ಕೌದಿಯಂಥ ಹೊದಿಕೆ. ದಿನಾ ನೋಡುತ್ತಿದ್ದರು ಇಬ್ಬರೂ. ನೋಡಲು ಹತ್ತಿಯ ಹಾಗಿತ್ತು. ಹತ್ತಿಯಷ್ಟೇ ಹಗುರ ಎಂದು ಕಣ್ಣು ತಾನೇ ನಿರ್ಧರಿಸಿಬಿಟ್ಟಿತ್ತು. ಮೂಲೆಯಲ್ಲಿ ಅದರದೇ ಉಳಿಕೆ ತುಂಡೊಂದು ಬಿದ್ದಿತ್ತು. ಅವಳು ಒಂದು ಕೈಯಲ್ಲಿ ಎತ್ತಲು ಹೋದಳು. ಕೈ ಜಗ್ಗಿ ನೆಲಕ್ಕೆ ಬಂತು.

"ಅಯ್ಯೋ… ಇದು ಡ್ರಾಯಿಂಗಿನಲ್ಲೇ ಇರಲಿಲ್ಲ."

"ಲೆಕ್ಕ ಬೇರೆ ಬೇರೆ ಮಾಡಿದ್ವಿ," ಅಂದ ಅವನು ಮೆಲ್ಲಗೆ. "ಡ್ರಾಯಿಂಗ್ ಮಾತ್ರ ಒಂದೇ ನಂಬಿದ್ವಿ. ಮೊದಲ ದಿನವೇ ನಿಮ್ಮ ಬಾಯಿ ಮುಚ್ಚಿಸದೆ ಕೇಳಿಸಿಕೊಂಡಿದ್ರೆ, ಆವತ್ತೇ ಸಿಗ್ತಿತ್ತು."

ಆಮೇಲಿನ ಸತ್ಯ ತಾನಾಗಿ ಬಿಚ್ಚಿಕೊಂಡಿತು. ಗಡುವು ಹತ್ತಿರ ಬಂತೆಂದು ಮುಖ್ಯಸ್ಥರು ತರಾತುರಿಯಲ್ಲಿ ಹೊದಿಕೆ ಹಾಕಿಸಿದ್ದರು. ಭಾರ ಹೊರುವ ಕಬ್ಬಿಣವನ್ನು ಕೇಳುವುದಿರಲಿ, ಲೆಕ್ಕ ಹಾಕುವವರನ್ನೂ ಕೇಳಿರಲಿಲ್ಲ. ಪರಿಶೀಲಕನನ್ನು ಕೋಣೆಗೆ ಕರೆದು, ಬೆಸುಗೆಯ ಮೇಲೆ ಹಾಕಿದರೆ ಎಲ್ಲರಿಗೂ ಸಲೀಸು, ಮುಂದೆಯೂ ನಿಮಗೆ ಇಲ್ಲಿ ಕೆಲಸ ಉಂಟು ಎಂದರಂತೆ. ಅವನು ಅದನ್ನೂ ವರದಿಯಲ್ಲಿ ಸೇರಿಸಿದ.

ಮಂಡಳಿಯವರು ಬಂದು ಕೂತ ದಿನ, ಗೇಟಿನ ಹೊರಗಿದ್ದ ವೆಲ್ಡರುಗಳನ್ನೂ ಒಳಗೆ ಕರೆಸಬೇಕು ಎಂದು ಅವನು ಹಟ ಹಿಡಿದ. ಅಪ್ಪ ಗೋಡೆಗೆ ಒತ್ತಿ ನಿಂತಿದ್ದ. ಕತ್ತರಿಸಿದ ತುಂಡನ್ನು ಮೇಜಿನ ಮೇಲಿಟ್ಟು ಪರಿಶೀಲಕ ಹೇಳಿದ್ದು ಇಷ್ಟೇ: ಹೊರಬಾರದ ಭಾರ ಬಿದ್ದಾಗ ಕಬ್ಬಿಣ ಬಾಗಿದೆ, ಬೆಸುಗೆ ಬಿಟ್ಟಿಲ್ಲ. ಬಿಟ್ಟಿದ್ದರೆ ಟ್ರೇ ಕೆಳಗಿದ್ದವರ ತಲೆಯ ಮೇಲೆ ಬಿದ್ದಿರುತ್ತಿತ್ತು.

ಮುಖ್ಯಸ್ಥರು ಕೊಂಕು ನಗೆ ನಕ್ಕರು. "ಲೆಕ್ಕ ಮಗಳದು, ಬೆಸುಗೆ ಅಪ್ಪನದು. ಸಾಹೇಬರಿಗೆ ಅವರ ಮನೆಯಲ್ಲಿ ಒಳ್ಳೆ ಉಪಚಾರ ಆಗಿರಬೇಕು."

ಅವಳ ಮೈ ಉರಿಯಿತು. ಅವನು ಮಾತ್ರ ನಿಧಾನವಾಗಿ ಸೊಂಟದಿಂದ ಆ ನೆಗ್ಗಿದ ಬಾಟ್ಲಿ ತೆಗೆದು ತುಂಡಿನ ಪಕ್ಕದಲ್ಲಿಟ್ಟ.

"ಇಲ್ಲಿಗೆ ಬಂದಾಗಿನಿಂದ ಇದರ ನೀರು ಬಿಟ್ಟು ಬೇರೆ ಕುಡಿದಿಲ್ಲ. ಒಂದು ದಿನ ಈ ಇಂಜಿನಿಯರ್ ನನ್ನ ಮುಂದೆ ಲೋಟ ಇಟ್ಟಿದ್ರು. ಬಾಯಿ ಒಣಗಿತ್ತು. ಅದನ್ನೂ ಮುಟ್ಟಲಿಲ್ಲ. ಇವತ್ತು ಈ ಮಾತು ಬರುತ್ತೆ ಅಂತ ಗೊತ್ತಿತ್ತು."



*ನಮ್ಮನ್ನ ಕೀಳು ಅಂದುಕೊಂಡು ಅಲ್ಲ… ನಮ್ಮ ಸತ್ಯಕ್ಕೆ ಒಂದು ಹನಿಯೂ ತಾಗಬಾರದು ಅಂತ.* ಅವಳಿಗೆ ನಿಂತಲ್ಲೇ ಕಣ್ಣು ತುಂಬಿ ಬಂತು. ಅವಳ ಬೆನ್ನ ಹಿಂದೆ ಇಷ್ಟು ವರ್ಷ ನಿಂತಿದ್ದ ಆ ನಲ್ಲಿ, ಅಂದು ಎಲ್ಲೋ ದೂರ ಸರಿದಂತಾಯಿತು.

ಸಭೆ ಮುಗಿದಾಗ ಅವನು ನೇರ ಅಪ್ಪನ ಹತ್ತಿರ ಹೋದ. "ಮೇಸ್ತ್ರಿಗಳೇ, ನಿಮಗೆ ನಾವೆಲ್ಲ ಋಣಿಗಳು," ಅಂದ. ಅಪ್ಪ ತನ್ನ ಕೈಗಳನ್ನೇ ನೋಡಿಕೊಂಡ. ಅವಳ ಕಡೆ ಮಾತ್ರ ಅವನು ತಿರುಗಲಿಲ್ಲ. ಬಾಟ್ಲಿ ಎತ್ತಿಕೊಂಡು ಬಸ್ಸಿಗೆ ಹೋದ.

ಮುಖ್ಯಸ್ಥರ ಕುರ್ಚಿ ಹೋಯಿತು. ವೆಲ್ಡರುಗಳಿಗೆ ಪಾಸ್ ವಾಪಸು ಬಂತು. ಹೊಸ ಭಾರಕ್ಕೆ ಅವಳು ಹೊಸ ಲೆಕ್ಕ ಹಾಕಿದಳು. ಅಪ್ಪನ ತಂಡ ಹೊಸ ಕಾಲುಗಳನ್ನು ಬೆಸೆಯಿತು. ಎಲ್ಲ ಸರಿಹೋಯಿತು. ಆದರೂ ಓಣಿಯಲ್ಲಿ ನಡೆಯುವಾಗ ಅವಳ ಕಣ್ಣು ಏಣಿಯ ತುದಿಯನ್ನು ಹುಡುಕುತ್ತಿತ್ತು.

*ಅವನಿಗೆ ಅದು ಬರೀ ಕೆಲಸವಾಗಿತ್ತೇನೋ. ಇರಲಿ. ಅಷ್ಟಕ್ಕೇ ನಾನು ಬದುಕಿಡೀ ಕೃತಜ್ಞಳು…*

ಮರಗಳ ಎಲೆ ಉದುರುವ ಕಾಲ ಕಳೆದು ಚಿಗುರು ಬಂದಿತ್ತು. ಒಂದು ರಜೆಯ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಅವನು. ಕೈಯಲ್ಲಿ ಅದೇ ನೆಗ್ಗಿದ ಬಾಟ್ಲಿ. ಮುಚ್ಚಳ ತೆಗೆದು ಅದನ್ನು ತಲೆಕೆಳಗಾಗಿ ಹಿಡಿದು ತೋರಿಸಿದ. ಒಂದು ಹನಿಯೂ ಬೀಳಲಿಲ್ಲ.

"ನಿನ್ನೆ ಮಂಡಳಿಯವರು ಪರಿಶೀಲನೆ ಮುಗೀತು ಅಂತ ಹೇಳಿದ್ರು. ಅಲ್ಲಿಯವರೆಗೆ ನಿಮ್ಮ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡೋ ಹಾಗಿರಲಿಲ್ಲ."

"ಈಗ?"

"ಈಗ ಬಾಯಾರಿಕೆ. ಆವತ್ತಿಂದ."

ಅವಳು ಒಳಗೆ ಓಡಿದಳು. ಲೋಟದ ತುದಿಯವರೆಗೆ ನೀರು ತುಂಬಿಸಿ ತಂದಳು. ಅವನು ಹೊಸಿಲಲ್ಲೇ ನಿಂತು, ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೆ ಕುಡಿದ. ಒಳಗಿನಿಂದ ಅಪ್ಪ ಅಮ್ಮನಿಗೆ ಹೇಳುವುದು ಕೇಳಿಸಿತು, ಬೇಗ ಒಲೆ ಹಚ್ಚು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ಮನುಷ್ಯ ಬಂದಿದ್ದಾನೆ, ಈವತ್ತು ನಮ್ಮ ಕಡೆ ತಿರುಗಿಸೋಣ ಎಂದು.

"ನನ್ನ ಕೆಲಸವನ್ನ ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ," ಅಂದಳು ಅವಳು. "ಥ್ಯಾಂಕ್ಸ್ ಹೇಳಬೇಕು ಅಂತ ಕಾಯ್ತಿದ್ದೆ."

"ಅಷ್ಟೇನಾ ಹೇಳಬೇಕಾಗಿದ್ದದ್ದು?"

"ಉಳಿದದ್ದನ್ನ ನೀವೇ ಮೊದಲಿಂದ ಹಾಕಿ ನೋಡಿ. ನಂದು ನೋಡಬೇಡಿ."

"ಹಾಕಿ ಆಯ್ತು. ಎಷ್ಟು ಸಲ ಹಾಕಿದ್ರೂ ನೀವೇ ಬರ್ತೀರಿ." ಅವನ ದನಿ ಇಳಿಯಿತು. "ಈಗ ನಿಮ್ಮ ಉತ್ತರ ನೋಡಬಹುದಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬಚ್ಚಿಡಲು ಏನೂ ಉಳಿದಿರಲಿಲ್ಲ.

"ಒಂದೇ," ಅಂದಳು. "ಆದರೆ ಎರಡೂ ಒಂದೇ ಬಂದ್ರೆ ನಿಮಗೆ ಭಯ ಆಗುತ್ತಲ್ಲ?"

"ಆಗ್ತಿದೆ. ಅದಕ್ಕೇ ಹತ್ತಿರ ಬಂದು ನೋಡೋಣ ಅಂತ ಬಂದೆ."

ಅವಳು ನಗುತ್ತಾ ಖಾಲಿ ಲೋಟಕ್ಕೆ ಕೈ ಚಾಚಿದಳು.

"ಇನ್ನೂ ಬೇಕಾ?"

"ಬೇಕು. ಇನ್ನು ಈ ಬಾಟ್ಲಿ ಹೊತ್ತು ತಿರುಗೋಕೆ ನನ್ನಿಂದಾಗಲ್ಲ."

ಅವಳು ಲೋಟದ ಜೊತೆ ಬಾಟ್ಲಿಯನ್ನೂ ಅವನ ಕೈಯಿಂದ ತೆಗೆದುಕೊಂಡು ಒಳಗೆ ನಡೆದಳು.